ನೀಲಿ ಮೊಟ್ಟೆ ಸಂಘ

ಮೊರೀನ್ ಅಳಲಿಲ್ಲ. ಗಂಡನ ಸುದ್ದಿ ಹೇಳುವಾಗಲೂ ಫೋನಿನಲ್ಲಿ ಅವಳ ದನಿ ಎಂದಿನಂತೆಯೇ ಇತ್ತು.

"ರೇ ಬೆಳಿಗ್ಗೆ ಹೋಗಿಬಿಟ್ಟ, ಶ್ರೀ. ಹೃದಯ. ಆಸ್ಪತ್ರೆ ಮುಟ್ಟೋಕೆ ಮುಂಚೇನೇ. ನಮ್ಮ ಹುಡುಗರಿಗೆ ನೀನೇ ತಿಳಿಸ್ತೀಯಾ? ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳೋ ಶಕ್ತಿ ನನಗಿಲ್ಲ."

ತಿಳಿಸುತ್ತೇನೆ ಎಂದ ಶ್ರೀಕರ್. ಫೋನು ಇಟ್ಟ ಮೇಲೆ ಪೊರಿರುವಾ ಸ್ಟೇಷನ್ನಿನ ಕಾರ್ ಪಾರ್ಕಿನಲ್ಲಿ, ಸ್ಟೀರಿಂಗಿಗೆ ಹಣೆಯಾನಿಸಿ ಕೂತುಬಿಟ್ಟ. ಅವನು ಹತ್ತಬೇಕಾಗಿದ್ದ ರೈಲು ಬಂದು ಹೋಯಿತು.

ಹುಡುಗರೆಂದರೆ ಎಲ್ಲರೂ ಅರವತ್ತು ಎಪ್ಪತ್ತು ದಾಟಿದವರು. ಹಳೆಯ ಫೋರ್ಡ್ ಕಾರುಗಳನ್ನು ಹೆತ್ತ ಮಕ್ಕಳಿಗಿಂತ ಹೆಚ್ಚು ಮುದ್ದು ಮಾಡಿ ಸಾಕಿದವರು. ಭಾನುವಾರ ಟಿಟಾಹಿ ಬೇ ತೀರದಲ್ಲಿ ಕಾರುಗಳನ್ನು ಸಾಲಾಗಿ ನಿಲ್ಲಿಸಿ, ಬಾನೆಟ್ ಎತ್ತಿ, ಚಹಾದ ಮಗ್ ಹಿಡಿದುಕೊಂಡು ಗಂಟೆಗಟ್ಟಲೆ ಇಂಜಿನ್ ನೋಡುತ್ತ ನಿಲ್ಲುವುದೇ ಅವರ ಕಾರ್ಯಕ್ರಮ. ಕಂಪನಿಯ ಲಾಂಛನ ನೀಲಿ ಬಣ್ಣದ ಅಂಡಾಕಾರವಾದ್ದರಿಂದ ವಾಟ್ಸಾಪ್ ಗುಂಪಿಗೆ ಬ್ಲೂ ಓವಲ್ ಎಂದು ಹೆಸರಿಟ್ಟುಕೊಂಡಿದ್ದರು. ಶ್ರೀಕರನ ಹೆಂಡತಿ ಚಂಪಾ ಅದನ್ನು ನೀಲಿ ಮೊಟ್ಟೆ ಸಂಘ ಎನ್ನುತ್ತಿದ್ದಳು.

ಆ ಸಂಘಕ್ಕೆ ಅವನನ್ನು ಸೇರಿಸಿದ್ದು ರೇ. ಶ್ರೀಕರ್ ಮೈಸೂರಿನವನು, ಚೆನ್ನೈ ಪಕ್ಕದ ಫೋರ್ಡ್ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದವನು. ಭಾರತದಲ್ಲಿ ಇನ್ನು ಕಾರು ತಯಾರಿಸುವುದಿಲ್ಲ ಎಂದು ಕಂಪನಿ ಹೇಳಿದ ಮೇಲೆ ಚಂಪಾಗೆ ಸಿಕ್ಕ ಕೆಲಸದ ಬಾಲ ಹಿಡಿದು ನ್ಯೂಜಿಲೆಂಡಿಗೆ ಬಂದು, ವೆಲ್ಲಿಂಗ್ಟನ್ನಿನ ಆಫೀಸೊಂದರಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನ ತಪ್ಪು ಹುಡುಕುತ್ತ ಕೂತಿದ್ದ. ಒಂದು ದಿನ ಹಳೆಯ ಕಂಪನಿಯ ಜಾಕೆಟ್ ತೊಟ್ಟು ಇಲ್ಲಿನವರು ಡೇರಿ ಎನ್ನುವ ಮೂಲೆಯ ಅಂಗಡಿಗೆ ಹಾಲು ತರಲು ಹೋದಾಗ, ಬ್ರೆಡ್ಡು ಹಿಡಿದು ನಿಂತಿದ್ದ ಮುದುಕನೊಬ್ಬ ಜಾಕೆಟ್ಟಿನ ಎದೆಯನ್ನೇ ದಿಟ್ಟಿಸಿ ನೋಡಿ, "ನಿಮ್ಮದನ್ನೂ ಮುಚ್ಚಿದರಾ?" ಎಂದು ಕೇಳಿದ. ಅದೇ ಮೊದಲ ಮಾತು.

ರೇ ಲೋವರ್ ಹಟ್‌ನ ಫೋರ್ಡ್ ಕಾರ್ಖಾನೆಗೆ ಮೀಸೆ ಚಿಗುರುವ ಮುಂಚೆ ಸೇರಿ, ಎಂಬತ್ತೆಂಟನೇ ಇಸವಿಯಲ್ಲಿ ಅದರ ಗೇಟು ಹಾಕುವ ತನಕ ದುಡಿದವನು. ಅವನ ಅಜ್ಜ ಹಿತ್ತಿಲಿನಲ್ಲಿ ಕಟ್ಟಿಕೊಂಡಿದ್ದ ಶೆಡ್ಡು ಕೂಡ ಕಾರಿನ ಬಿಡಿಭಾಗ ತುಂಬಿ ಹಡಗಿನಲ್ಲಿ ಬರುತ್ತಿದ್ದ ಮರದ ಪೆಟ್ಟಿಗೆಗಳದ್ದೇ. "ನಮ್ಮ ಗೇಟು ಹಾಕಿದರು, ಆಮೇಲೆ ಆಸ್ಟ್ರೇಲಿಯಾದ್ದು, ಆಮೇಲೆ ನಿಮ್ಮದು," ಎಂದು ಅವನು ಬೆರಳು ಮಡಚುತ್ತಿದ್ದ. "ಈಗ ನೋಡು, ಈ ಬೀದೀಲಿ ಎಲ್ಲರ ಮನೆ ಮುಂದೂ ಅದೇ ಕಂಪನಿಯ ಪಿಕಪ್ ಯೂಟ್ ನಿಂತಿದೆ. ಥಾಯ್ಲೆಂಡಿನಿಂದ ಬಂದಿದ್ದು. ಕಂಪನಿ ಸಾಯೋದಿಲ್ಲ ಶ್ರೀ, ಮನೆ ಬದಲಾಯಿಸುತ್ತೆ ಅಷ್ಟೆ." ಬೈಯುತ್ತಲೇ ಶೆಡ್ಡಿನಲ್ಲಿದ್ದ ತನ್ನ ಹಳೆಯ ಫಾಲ್ಕನ್ ಕಾರಿನ ನೀಲಿ ಲಾಂಛನವನ್ನು ಅಂಗಿಯ ತೋಳಿನಿಂದ ಒರೆಸುತ್ತಿದ್ದ. ಶ್ರೀಕರ್ ಅವನನ್ನು ಅಂಕಲ್ ಎಂದಾಗ, "ಇರೋ ಒಬ್ಬ ತಂಗಿ ಮಗನನ್ನೇ ಸಹಿಸೋಕೆ ಆಗ್ತಿಲ್ಲ, ರೇ ಅಂತ ಕರೆ," ಎಂದಿದ್ದ.

ಗುಂಪಿನಲ್ಲಿ ಮಾತ್ರ ಶ್ರೀಕರನ ಬೇಳೆ ಬೇಯಲಿಲ್ಲ. ಅಲ್ಲಿ ಕಾರನ್ನು ಕಾರು ಎನ್ನುತ್ತಿರಲಿಲ್ಲ, ಯಜಮಾನನ ಹೆಸರಿನಿಂದಲೇ ಕರೆಯುತ್ತಿದ್ದರು. ಟ್ರೆವರ್ ಸೋರುತ್ತಿದ್ದಾನೆ ಎಂದರೆ ಟ್ರೆವರನ ಕಾರ್ಟಿನಾ ಆಯಿಲ್ ಸೋರುತ್ತಿದೆ ಎಂದು ಅರ್ಥ. ಹೊಸದರಲ್ಲಿ ಹೇಮಿ ಬೆಳಿಗ್ಗೆಯಿಂದ ಒಂದೇ ಸಮ ಕೆಮ್ಮುತ್ತಿದ್ದಾನೆ ಎಂದು ಯಾರೋ ಹಾಕಿದ್ದಕ್ಕೆ ಶ್ರೀಕರ್, ವಿಶ್ರಾಂತಿ ತೆಗೆದುಕೊಳ್ಳಿ, ಬೇಗ ಗುಣಮುಖರಾಗಿ ಎಂದು ಬರೆದುಬಿಟ್ಟಿದ್ದ. ಅದನ್ನು ಹೇಳಿಕೊಂಡು ಅವರು ಇಡೀ ಚಳಿಗಾಲ ನಕ್ಕರು. ಅವನೂ ಆಗಾಗ ಜೋಕು ಪ್ರಯತ್ನಿಸುತ್ತಿದ್ದ. ಎಷ್ಟೋ ಹೊತ್ತಿನ ಮೇಲೆ ಒಂದು ಹೆಬ್ಬೆರಳು ಬರುತ್ತಿತ್ತು, ರೇ ಕಳಿಸಿದ್ದು.

ಈಗ ಕಾರಿನಲ್ಲಿ ಕೂತು ಶ್ರೀಕರ್ ಇಂಗ್ಲಿಷಿನಲ್ಲಿ ಬರೆದ, ಅಳಿಸಿದ, ಮತ್ತೆ ಬರೆದ. ಡೈಡ್ ಎನ್ನುವುದು ತೀರ ಬೋಳಾಗಿ ಕಂಡಿತು. ಹಿರಿಯರ ವಿಷಯದಲ್ಲಿ ಹಾಗೆನ್ನುವುದುಂಟೇ? ಅವನಪ್ಪ ತೀರಿಕೊಂಡಾಗ ಮೈಸೂರಿನ ಡಾಕ್ಟರು ಹೊರಬಂದು ಹೇಳಿದ ಮಾತು, ಬ್ಯಾಂಕಿನವರು ಹೇಳಿದ ಮಾತು, ಅಕ್ಕಪಕ್ಕದವರು ಹೇಳಿದ ಮಾತು ಒಂದೇ ಆಗಿತ್ತು. ಅದರಲ್ಲಿ ಮರ್ಯಾದೆ ಇತ್ತು. "ಡಿಯರ್ ಆಲ್, ರೇ ಎಕ್ಸ್‌ಪೈರ್ಡ್ ದಿಸ್ ಮಾರ್ನಿಂಗ್. ಮುಂದಿನ ವಿವರ ತಿಳಿಸುತ್ತೇನೆ" ಎಂದು ಕಳಿಸಿ ಮುಂದಿನ ರೈಲು ಹತ್ತಿದ.

ಮೊದಲು ಟ್ರೆವರ್ ಬರೆದ: "ಅಬ್ಬಾ, ಕಡೆಗೂ. ಹತ್ತು ವರ್ಷದ ಹಿಂದೇನೇ ರಸ್ತೆಯಿಂದ ಎತ್ತಿಹಾಕಬೇಕಿತ್ತು." ಹಿಂದೆಯೇ ಹೇಮಿ: "ಒಳಗೆಲ್ಲ ತುಕ್ಕು. ಮೇಲೆ ಬಣ್ಣ ಹಚ್ಚಿಕೊಂಡು ಓಡಾಡ್ತಿದ್ದ." ಇನ್ನೊಬ್ಬ: "ಬಿಡಿಭಾಗ ಹಂಚ್ತಾರಾ? ಹೆಡ್‌ಲೈಟ್ ನನಗಿರಲಿ." ಒಂದೊಂದು ಸಾಲಿನ ಕೊನೆಗೂ ಕಣ್ಣೀರು ಬರುವ ಹಾಗೆ ನಗುವ ಹಳದಿ ಮುಖಗಳು.

ಶ್ರೀಕರನ ಕಿವಿ ಬಿಸಿಯಾಯಿತು. ಸುತ್ತ ನೋಡಿದ, ಯಾರಾದರೂ ಓದಿಬಿಟ್ಟಾರು ಎಂಬಂತೆ. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಇವರ ರೀತಿಯೇ ಹೀಗಿರಬಹುದು. ನಮ್ಮ ಹಾಗೆ ಎದೆ ಬಡಿದುಕೊಂಡು ಅಳುವವರಲ್ಲ, ನಕ್ಕು ಹಗುರಾಗುವವರು. ಆಫೀಸಿನಲ್ಲೂ ಒಬ್ಬ ತನ್ನ ತಾಯಿಯ ಉತ್ತರಕ್ರಿಯೆಯ ಕಥೆ ಹೇಳಿ ಎಲ್ಲರನ್ನೂ ನಗಿಸಿರಲಿಲ್ಲವೇ? ನಿಜ ಹೇಳಬೇಕೆಂದರೆ ಅವನಿಗೆ ಇದರಲ್ಲಿ ಪೂರ್ತಿ ನಂಬಿಕೆ ಬರಲಿಲ್ಲ. ಆದರೆ ಎಲ್ಲರೂ ನಗುವಾಗ ತಾನೊಬ್ಬ ಅರ್ಥವಾಗದವನಂತೆ ಮೋರೆ ಮಾಡಿಕೊಂಡು ಕೂರುವುದು ಅವನಿಗೆ ಸಾಕಾಗಿಹೋಗಿತ್ತು.

"ಬ್ಯಾಟರಿ ಮಾತ್ರ ಯಾರೂ ತಗೋಬೇಡಿ," ಎಂದು ಬರೆದ. "ಕೈಕೊಟ್ಟಿದ್ದೇ ಅದು." ಕೊನೆಗೆ ನಗುವ ಮುಖ, ಒಂದು ಸಾಲದೆಂದು ಮೂರು.

ಗುಂಪು ಬಿದ್ದು ಬಿದ್ದು ನಕ್ಕಿತು. ಎಂದೂ ಮಾತಾಡದವರೂ ಹೆಬ್ಬೆರಳು ಎತ್ತಿದರು. "ಈಗ ನಮ್ಮವನಾದೆ ನೋಡು, ಶ್ರೀ," ಎಂದು ಟ್ರೆವರ್ ಬರೆದ. ಅದನ್ನು ಓದಿ ಶ್ರೀಕರ್ ಹಿಗ್ಗಿದ. ಹೌದು, ಹಿಗ್ಗಿದ. ವೆಲ್ಲಿಂಗ್ಟನ್ ಬರುವಷ್ಟರಲ್ಲಿ ಆ ಸಾಲನ್ನು ಮತ್ತೆ ಮತ್ತೆ ತೆಗೆದು ನೋಡಿದ.

ಸಂಜೆ ಮನೆಗೆ ಬಂದು ಚಂಪಾಗೆ ರೇ ಹೋದ ಸುದ್ದಿ ಹೇಳಿದಾಗ ಅವಳು ಒಗ್ಗರಣೆಯ ಸೌಟು ಕೆಳಗಿಟ್ಟು ಒಲೆ ಆರಿಸಿದಳು. "ಪಾಪ. ಮೊರೀನ್ ಆಂಟಿ ಒಬ್ರೇ ಆಗೋದ್ರಲ್ಲ," ಎಂದು ಸೆರಗಿಲ್ಲದ ಹೆಗಲನ್ನು ಸುಮ್ಮನೆ ಮುಟ್ಟಿಕೊಂಡಳು. ಆಮೇಲೆ ಅವನು ಚಾಚಿದ ಫೋನು ಓದಿದಳು.

"ಏನ್ರೀ ಇದು? ಸತ್ತೋರ್ನ ಹಿಂಗೆ ಆಡ್ಕೋತಾರಾ?"

"ಇವ್ರು ಹಂಗೇನೇ ಕಣೇ. ಸಾವನ್ನ ನಮ್ ಥರ ದೊಡ್ಡದು ಮಾಡಲ್ಲ."

"ಅವ್ರು ಹಂಗೇ ಇರ್ಲಿ. ನೀವ್ಯಾಕ್ರೀ ಬರೆಯಕ್ ಹೋದ್ರಿ? ವಾರಕ್ಕೊಂದ್ಸಲ ಅವ್ರ ಮನೇಲಿ ಟೀ ಕುಡೀತಿದ್ರಿ."

ಊಟದ ಮೇಜಿನ ಹತ್ತಿರ ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ನಿಧಿ ಕೈಚಾಚಿದಳು. ಬಂದು ಮೂರೇ ವರ್ಷಕ್ಕೆ ಅವಳ ಕನ್ನಡ ಕಿವಿಯಲ್ಲಷ್ಟೇ ಉಳಿದಿತ್ತು. ಫೋನನ್ನು ಮೇಲಿಂದ ಕೆಳಗೆ ಸರಿಸಿ ಓದಿದಳು, ಮತ್ತೆ ಮೇಲಕ್ಕೆ ಹೋದಳು.

"ಅಪ್ಪಾ, ಎಕ್ಸ್‌ಪೈರ್ಡ್? ಲೈಕ್ ಮಿಲ್ಕ್?"

"ಅಂದ್ರೆ?"

"ನೋಬಡಿ ಸೇಸ್ ದಟ್ ಹಿಯರ್. ಹಾಲು ಎಕ್ಸ್‌ಪೈರ್ ಆಗತ್ತೆ. ಕಾರಿನ ವಾರೆಂಟ್ ಎಕ್ಸ್‌ಪೈರ್ ಆಗತ್ತೆ." ಅವಳಿಗೆ ಗೊತ್ತಿಲ್ಲದೆ ಕನ್ನಡ ಬಂದಿತ್ತು. "ದೇ ಥಿಂಕ್ ಇಟ್ಸ್ ದ ಕಾರ್, ಅಪ್ಪಾ."

ಇಲ್ಲಿ ಪ್ರತಿ ಕಾರನ್ನೂ ಗ್ಯಾರೇಜಿಗೆ ಒಯ್ದು, ಓಡಲು ಯೋಗ್ಯ ಎಂದು ವಾರೆಂಟ್ ಮಾಡಿಸಬೇಕು. ಹಳೆಯ ಕಾರುಗಳಿಗೆ ಅದೇ ದೊಡ್ಡ ಗಂಡಾಂತರ. ಗುಂಪಿನ ಅರ್ಧ ಮಾತು ಅದರ ಸುತ್ತಲೇ. ತುಕ್ಕು, ಬಣ್ಣ, ಹೆಡ್‌ಲೈಟು, ಎಲ್ಲವೂ ಒಂದೊಂದಾಗಿ ತಮ್ಮ ಜಾಗಕ್ಕೆ ಹೋಗಿ ಕೂತವು. ಅವರೆಲ್ಲ ವಾರೆಂಟ್ ಮುಗಿಯಿತೆಂದು ರೇಯ ಫಾಲ್ಕನ್ನಿನ ಬಗ್ಗೆ ನಕ್ಕಿದ್ದರು. ಸತ್ತವನನ್ನು ಕಂಡು ನಕ್ಕವನು ಗುಂಪಿನಲ್ಲಿ ಒಬ್ಬನೇ ಇದ್ದ.

"ರೇ ಅಂಕಲ್ ಈ ಗ್ರೂಪಲ್ಲಿ ಇದಾರಾ?" ಎಂದಳು ನಿಧಿ.

"ಇದ್ರು."

"ಸೋ, ಅವ್ರ ಫೋನ್ ಈಗ ಯಾರ ಹತ್ರ ಇದೆ?"

ಶ್ರೀಕರ್ ಹೋಗಿ ಬಚ್ಚಲಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಂತ. ನಾಚಿಕೆ ಎನ್ನುವುದು ಮುಖಕ್ಕೆ ಬರುವುದೆಂದು ಅವನು ತಿಳಿದಿದ್ದ. ಅದು ಅಂಗೈಗೆ ಬಂದಿತ್ತು. ಎಷ್ಟು ತೊಳೆದರೂ ಕೈಗಳು ಬೇರೆ ಯಾರದೋ ಎನ್ನಿಸುತ್ತಿದ್ದವು.

ಹೊರಗೆ ಬಂದು ಆ ಬೋಳು ಪದವನ್ನೇ ಹಾಕಿ, ರೇ ಸತ್ತಿದ್ದಾನೆ, ನಾನು ಬೆಳಿಗ್ಗೆ ಹೇಳಿದ್ದು ಅದನ್ನೇ ಎಂದು ಬರೆದ. ಆಮೇಲೆ ಒಬ್ಬೊಬ್ಬರ ಜೋಕೂ ಮಾಯವಾಗುತ್ತ ಬಂತು. ಅಳಿಸಿದವರ ಸಾಲಿನಲ್ಲಿ ಅವನೂ ತನ್ನದನ್ನು ಅಳಿಸಿದ. ಟ್ರೆವರ್ ಫೋನ್ ಮಾಡಿ, ತುಕ್ಕು ಅಂದುಬಿಟ್ಟೆವಲ್ಲ, ಎತ್ತಿಹಾಕಿ ಅಂದೆನಲ್ಲ ಎಂದು ಮಗುವಿನಂತೆ ಅತ್ತ. ನಿಮಗೆ ಗೊತ್ತಿರಲಿಲ್ಲ ಎಂದು ಶ್ರೀಕರ್ ಸಮಾಧಾನ ಹೇಳಿದ. ಹೇಳುವಾಗ ಆ ಮಾತು ತನಗೆ ಸಲ್ಲುವುದಿಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಮಧ್ಯಾಹ್ನ ಎಲ್ಲರೂ ಮೊರೀನ್ ಮನೆಯಲ್ಲಿ ಸೇರಿದರು. ಚಂಪಾ ತಾನೂ ಬರುತ್ತೇನೆಂದಳು. ಇವತ್ತು ಬೇಡ ಎಂದ. ಅವಳೆದುರು ಮೊರೀನಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಟ್ರೆವರ್ ಟೈ ಕಟ್ಟಿಕೊಂಡು ಬಂದಿದ್ದ. ನಡುಕೋಣೆಯಲ್ಲಿ ನಿಂತು, ಎಲ್ಲರ ಪರವಾಗಿ ಎಂದು ಶುರು ಮಾಡಿದವನು ಟೈಯ ತುದಿ ತಿರುಚುತ್ತ ನಿಂತುಬಿಟ್ಟ. ಮೊರೀನ್ ಅವನ ತೋಳು ತಟ್ಟಿದಳು.

"ನೀವು ಕಾರಿನ ವಿಷಯ ಹೇಳ್ತಿದೀರಿ ಅಂತ ಓದಿದ ತಕ್ಷಣ ಗೊತ್ತಾಯ್ತು. ನಿನ್ನೆ ಇಡೀ ದಿನ ನಾನು ನಕ್ಕಿದ್ದು ಅದೊಂದಕ್ಕೇ. ರೇ ಇದ್ದಿದ್ದರೆ ನಕ್ಕು ನಕ್ಕು ಕೆಳಗೆ ಬಿದ್ದಿರೋನು."

ಬಿಗಿದುಕೊಂಡಿದ್ದ ಭುಜಗಳೆಲ್ಲ ಒಟ್ಟಿಗೆ ಇಳಿದವು. ಹೇಮಿ ಅಳುತ್ತಲೇ ನಕ್ಕ. ಟ್ರೆವರ್ ಶ್ರೀಕರನ ಹೆಗಲ ಮೇಲೆ ಕೈ ಹಾಕಿ, "ಇವನದೇನೂ ತಪ್ಪಿಲ್ಲ ಮೊರೀನ್. ಅವರ ಕಡೆ ಹಾಗೆ ಹೇಳ್ತಾರಂತೆ. ಪಾಪ, ನಾವು ಕಾರಿನ ಮಾತು ಎತ್ತಿದ್ವಿ, ಇವನೂ ಅದೇ ಅಂದ್ಕೊಂಡು ಜೊತೆಗೂಡಿದ. ಅಲ್ವಾ ಶ್ರೀ?" ಎಂದ.

ಎಲ್ಲರೂ ಅವನ ಕಡೆ ನೋಡಿದರು. ಎಲ್ಲರ ಕಣ್ಣಲ್ಲೂ ಕರುಣೆ. ಶ್ರೀಕರ್ ತಲೆಯಾಡಿಸಿದ.

"ಶ್ರೀ, ಒಂದು ನಿಮಿಷ ಕೈ ಹಚ್ಚು ಬಾ," ಎಂದು ಮೊರೀನ್ ಅಡಿಗೆಮನೆಗೆ ಹೋದಳು. ಅಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್ಚುಗಳಿದ್ದವು, ಇನ್ನೂ ಕತ್ತರಿಸಿರಲಿಲ್ಲ. ಅವಳು ಕತ್ತರಿಸುತ್ತ ಹೋದಳು, ಅವನು ತಟ್ಟೆಗೆ ಜೋಡಿಸುತ್ತ ಹೋದ.

"ಅವರೆಲ್ಲ ಕಾರಿನ ಬಗ್ಗೆ ಬರೆದರು," ಎಂದಳು ತಲೆಯೆತ್ತದೆ. "ನೀನು?"

ಸುಳ್ಳು ಹೇಳಬೇಕೆಂದು ಅವನು ಅಂದುಕೊಂಡಿರಲಿಲ್ಲ. ರಾತ್ರಿಯೆಲ್ಲ ಕ್ಷಮೆಯ ಮಾತನ್ನು ಇಂಗ್ಲಿಷಿನಲ್ಲಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ಸಿದ್ಧಮಾಡಿಕೊಂಡೇ ಬಂದಿದ್ದ. ಆದರೆ ಪಕ್ಕದ ಕೋಣೆಯಿಂದ ಟ್ರೆವರನ ನಗು ಕೇಳಿಸುತ್ತಿತ್ತು.

"ನಾನೂ ಕಾರಿನ ಬಗ್ಗೇನೇ, ಮೊರೀನ್."

ಅವಳು ಚಾಕುವನ್ನು ಬಟ್ಟೆಯಿಂದ ಒರೆಸಿದಳು. ಒಂದು ಬದಿ, ಆಮೇಲೆ ಇನ್ನೊಂದು ಬದಿ.

"ಹೋದ ತಿಂಗಳು ನೀವಿಬ್ಬರೂ ಸೇರಿ ಅದಕ್ಕೆ ಹೊಸ ಬ್ಯಾಟರಿ ಹಾಕಿದ್ದಿರಿ," ಎಂದಳು. "ನೀನೇ ಹೋಗಿ ತಂದಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಏನಾದರೂ ಹೇಳುತ್ತಿದ್ದನೇನೋ. ಬಾಯಿ ತೆರೆದ. ಅಂಗಡಿಯಲ್ಲಿ ಯಾರಿಗಾದರೂ ಮೈ ತಾಗಿದರೆ ಹೇಳುವ ಸಾರಿ ಒಂದು ಬಿಟ್ಟರೆ ಬೇರೇನೂ ನಾಲಿಗೆಗೆ ಬರಲಿಲ್ಲ. ಅದನ್ನು ಹೇಳಲು ಮನಸ್ಸಾಗಲಿಲ್ಲ.

ಮೊರೀನ್ ತಟ್ಟೆಯನ್ನು ಎತ್ತಿ ಅವನ ಕೈಗಿಟ್ಟಳು. "ತಗೊಂಡು ಹೋಗು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅವರು," ಎಂದು ಸಿಂಕಿನ ಕಡೆ ತಿರುಗಿದಳು.

ಅವನು ತಟ್ಟೆ ಹಿಡಿದು ನಡುಕೋಣೆಗೆ ಬಂದಾಗ ಅವರು ರೇ ಮಾಡುತ್ತಿದ್ದ ಯಾವುದೋ ಕೀಟಲೆಯ ಕಥೆಯ ನಡುವೆ ಇದ್ದರು. ಒಬ್ಬೊಬ್ಬರೂ ಕೈಚಾಚಿ ಒಂದೊಂದು ತೆಗೆದುಕೊಂಡರು. ಕೂರಲು ಎಲ್ಲೂ ಕುರ್ಚಿ ಉಳಿದಿರಲಿಲ್ಲ. ಟ್ರೆವರ್ ಕಥೆ ನಿಲ್ಲಿಸದೆಯೇ ಹೇಮಿಯನ್ನು ಮೊಣಕೈಯಿಂದ ತಳ್ಳಿ, ತಾನೂ ಪಕ್ಕಕ್ಕೆ ಸರಿದು, ಸೋಫಾದಲ್ಲಿ ಇಬ್ಬರ ನಡುವೆ ಜಾಗ ಮಾಡಿ, ಅಂಗೈಯಿಂದ ಅದನ್ನು ತಟ್ಟಿ ತೋರಿಸಿದ.