ಇಳಿದ ತಂತಿ

ಇಂಗ್ಲೆಂಡಿನ ಆ ಹುಡುಗ ನಮ್ಮ ಹಾಡನ್ನು ಗಿಟಾರಿನಲ್ಲಿ ನುಡಿಸತೊಡಗಿದ ಕೂಡಲೇ ಕಾಜ್ ಹಲ್ಲುನೋವು ಬಂದವನಂತೆ ಮುಖ ಹಿಂಡಿದ.

"ನಿಲ್ಸಪ್ಪಾ, ನಿಲ್ಸು. ನಿನ್ನ ಮೂರನೇ ತಂತಿಯ ಶ್ರುತಿ ಇಳಿದಿದೆ."

"ಇಳಿದಿಲ್ಲ, ನಾನೇ ಇಳಿಸಿದ್ದೀನಿ!" ಎಂದು ಹುಡುಗ ನಕ್ಕ. ನೈಜೆಲ್ ಅಂತ ಅವನ ಹೆಸರು. ಕಿವಿಗೆ ಸೇಫ್ಟಿ ಪಿನ್ ಚುಚ್ಚಿಕೊಂಡಿದ್ದ, ಅದರ ಸುತ್ತ ಕೀವು ಕಟ್ಟಿತ್ತು. "ನಿಮ್ಮ ರೆಕಾರ್ಡಲ್ಲಿ ಹಾಗೇ ತಾನೇ ಇರೋದು? ಎಷ್ಟು ಇಳೀಬೇಕು ಅಂತ ಕಂಡುಹಿಡಿಯೋಕೆ ಒಂದು ಇಡೀ ಚಳಿಗಾಲ ಒದ್ದಾಡಿದೀನಿ. ನಮ್ಮ ಕಡೆ ಈಗ ಬೇಕಂತಲೇ ಒರಟಾಗಿ ನುಡಿಸೋ ಪಂಕ್ ಬ್ಯಾಂಡಿನವರೆಲ್ಲ ಹೀಗೇ ಇಳಿಸ್ತಾರೆ, ಮಿಸ್ಟರ್ ಕಾಜ್. ಸ್ಲ್ಯಾಗ್ಸ್ ಶ್ರುತಿ ಅಂತಾನೇ ಕರೀತೀವಿ."

ಸ್ಲ್ಯಾಗ್ಸ್ ಎಂದರೆ ನಾವು. ಕುಲುಮೆಯಿಂದ ಬಳಿದು ಎಸೆಯುವ ಕಿಟ್ಟದ ಹೆಸರನ್ನೇ ಇಟ್ಟುಕೊಂಡಿದ್ದೆವು. ಕಾಜ್ ಗಿಟಾರ್, ನಾನು ಬೇಸ್, ಎಡ್ಡಿ ಹಾಡುವುದು, ಅಥವಾ ಅರಚುವುದು. ಡ್ರಮ್ ಬಾರಿಸಲು ಯಾರು ಸಿಕ್ಕರೆ ಅವರು. ಸಾವಿರದ ಒಂಬೈನೂರ ಅರವತ್ತಾರರಲ್ಲಿ, ಡೆಟ್ರಾಯಿಟ್ ಮಗ್ಗುಲಿನ ಹ್ಯಾಮ್‌ಟ್ರ್ಯಾಮಿಕ್‌ನಲ್ಲಿ ಸ್ಟ್ಯಾಶ್ ಮಾಮನ ಪೀಠೋಪಕರಣದ ಅಂಗಡಿಯ ಹಿಂದಿನ ಕೋಣೆಯಲ್ಲಿ ನಮ್ಮ ಒಂದೇ ಒಂದು ರೆಕಾರ್ಡ್ ಆಯಿತು. ಮಾಮ ರೆಕಾರ್ಡ್ ಮಾಡುತ್ತಿದ್ದದ್ದು ಮದುವೆಯಲ್ಲಿ ಪೋಲ್ಕಾ ಕುಣಿತಕ್ಕೆ ನುಡಿಸುವ ಮೇಳಗಳನ್ನು. ಅಲ್ಲಿಗೆ ಹೋದವರೆಲ್ಲ ಅವನ ಅಕಾರ್ಡಿಯನ್‌ಗೆ ಶ್ರುತಿ ಸೇರಿಸಿಕೊಳ್ಳುವುದು ವಾಡಿಕೆ. ಅವತ್ತು ಅಕಾರ್ಡಿಯನ್ ಯಾರದೋ ಮದುವೆಗೆ ಹೋಗಿತ್ತು. ಕಾಜ್ ಕಾರು ಕಾರ್ಖಾನೆಯ ತಗಡು ಒತ್ತುವ ಪ್ರೆಸ್ ವಿಭಾಗದಲ್ಲಿ ಪಾಳಿ ಮುಗಿಸಿ ನೇರ ಬಂದಿದ್ದ. ಕಿವಿಯೊಳಗೆ ಇನ್ನೂ ತಗಡು ಬಡಿಯುತ್ತಿತ್ತು. ಅದೇ ಕಿವಿಯಲ್ಲಿ ಅಂದಾಜಿಗೆ ಬಿರಡೆ ತಿರುಗಿಸಿದ, ಮೂರನೇ ತಂತಿ ಇಳಿದೇ ಉಳಿಯಿತು.

ಟೇಪು ಕೇಳಿದ ಮೇಲೆ ಕಾಜ್ ಇನ್ನೊಂದು ಸಲ ನುಡಿಸುತ್ತೇನೆಂದು ಬೇಡಿಕೊಂಡ. "ಇದನ್ನ ಯಾವನು ಕೇಳ್ತಾನೆ, ಹೋಗ್ರೋ" ಎಂದು ಮಾಮ ಟೇಪು ಸುತ್ತಿಟ್ಟ.

ಮಾಮ ಹೇಳಿದ ಹಾಗೇ ಆಯಿತು, ಯಾರೂ ಕೇಳಲಿಲ್ಲ. ಎಡ್ಡಿಯನ್ನು ವಿಯೆಟ್ನಾಮ್ ಯುದ್ಧಕ್ಕೆ ಕಳಿಸಿದರು. ಅವನು ವಾಪಸು ಬರಲಿಲ್ಲ, ಪೆಟ್ಟಿಗೆ ಬಂತು. ಅವನ ದನಿ ಉಳಿದಿರುವುದು ಆ ರೆಕಾರ್ಡಿನಲ್ಲಿ ಮಾತ್ರ.

"ಅವನು ಸರಿಯಾಗೇ ಹಾಡಿದ್ದ, ರೇ. ಕೆಡಿಸಿದ್ದು ನಾನು," ಎಂದು ಕಾಜ್ ನನ್ನ ಬಳಿ ಎಷ್ಟೋ ಸಲ ಹೇಳಿದ್ದಾನೆ. ಹೇಳಿ ಸುಮ್ಮನಿರಲಿಲ್ಲ. ಚರ್ಚಿನಲ್ಲಿ ಆರ್ಗನ್ ನುಡಿಸುವ ಮುದುಕಿಯ ಬಳಿ ವರ್ಷಗಟ್ಟಲೆ ಪಾಠಕ್ಕೆ ಹೋದ, ಕಿವಿಗೆ ಹತ್ತಿ ತುರುಕಿಕೊಂಡು ಪ್ರೆಸ್ಸಿಗೆ ಹೋದ, ಬೀರು ಬಿಟ್ಟ. ಒಂದೇ ಒಂದು ಸಲ, ಜನರ ಎದುರು, ಆ ಹಾಡನ್ನು ಸರಿಯಾಗಿ ನುಡಿಸಬೇಕು. ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಈಗ ಎಪ್ಪತ್ತೇಳರ ಬೇಸಿಗೆಯಲ್ಲಿ ನೈಜೆಲ್‌ನ ಬ್ಯಾಂಡು ಡೆಟ್ರಾಯಿಟ್‌ಗೆ ಬಂದಿತ್ತು. ನಮ್ಮ ರೆಕಾರ್ಡು ಹೇಗೋ ಅವರ ಕೈ ಸೇರಿತ್ತಂತೆ. ನಮ್ಮನ್ನು ಹುಡುಕಿಸಿ, ಭಾನುವಾರ ಮಧ್ಯಾಹ್ನದ ಕಾರ್ಯಕ್ರಮದಲ್ಲಿ ಆ ಹಾಡಿಗೆ ಕಾಜ್ ಜೊತೆಗಿರಬೇಕೆಂದು ಕೇಳಿಕೊಂಡಿದ್ದರು; ಅದಕ್ಕೇ ಈ ತಾಲೀಮು.

"ಅದು ತಪ್ಪು ಕಣಯ್ಯ," ಎಂದ ಕಾಜ್. "ಅವತ್ತು ನಂಗೆ ಕಿವಿ ಕೇಳ್ತಿರಲಿಲ್ಲ."

"ಸೂಪರ್!" ನೈಜೆಲ್ ತನ್ನ ಡ್ರಮ್ಮರನ ಕಡೆ ತಿರುಗಿದ. "ಕೇಳಿದ್ಯೇನೋ? ಕಿವೀನೇ ಕೇಳ್ತಿರಲಿಲ್ವಂತೆ! ಇದಪ್ಪಾ ಪಂಕ್ ಅಂದ್ರೆ!"

ಕಾಜ್ ಮೂಲೆಗೆ ಹೋಗಿ ಗಿಟಾರಿನ ಮೇಲೆ ಬಾಗಿ ಆರೂ ತಂತಿಗಳನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಸೇರಿಸಿದ.

ಕಾರ್ಯಕ್ರಮದ ಹೊತ್ತಿಗೆ ವೇದಿಕೆಯ ಮೇಲೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ನಿಂತ. ಕೆಳಗೆ ಹರಿದ ಬನಿಯನ್ನಿನ ಮಕ್ಕಳು, ಅವರ ನಡುವೆ ನಾನು. ಅವನು ನುಡಿಸಿದ್ದು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಪ್ರತಿ ಸ್ವರವೂ ತೊಳೆದಿಟ್ಟ ಲೋಟದ ಹಾಗಿತ್ತು. ಆದರೆ ಪಕ್ಕದಲ್ಲೇ ನೈಜೆಲ್‌ನ ಇಳಿದ ತಂತಿ ಅದಕ್ಕೆ ಉಜ್ಜುತ್ತಿತ್ತು.

"ಯಾರೋ ಈ ತಾತ? ತಪ್ಪು ನುಡಿಸ್ತಾವ್ನೆ!" ಎಂದೊಬ್ಬ ಕೂಗಿದ. ಕಾಜ್‌ಗೆ ಆಗಿನ್ನೂ ಮೂವತ್ತೆರಡು.

"ಪ್ಯಾಂಟ್ ಇಸ್ತ್ರಿ ಆಯ್ತಾ ತಾತಾ?" ಎಂದು ಇನ್ನೊಬ್ಬಳು. ಎಲ್ಲರೂ ನಕ್ಕರು.

ಕಾಜ್ ನಿಲ್ಲಿಸಿದ. ಒಂದು ಗಳಿಗೆ ಬಿರಡೆಯನ್ನೇ ನೋಡಿದ. ಆಮೇಲೆ, ನಾನು ಬೇಡ ಎಂದುಕೊಳ್ಳುತ್ತಿದ್ದಂತೆಯೇ, ಮೂರನೆಯ ತಂತಿಯನ್ನು ಇಳಿಸಿದ. ಜನ ಕೇಕೆ ಹಾಕಿದರು. ಮತ್ತೆ ಶುರುಮಾಡಿದ. ಆದರೆ ಇಷ್ಟು ವರ್ಷ ತಿದ್ದಿದ ಬೆರಳು ಅವನ ಮಾತು ಕೇಳಲಿಲ್ಲ. ಇಳಿದ ತಂತಿಯನ್ನು ತಾನಾಗಿಯೇ ಒತ್ತಿ, ಎಳೆದು, ಸರಿಯಾದ ಸ್ವರಕ್ಕೇ ತಂದು ನಿಲ್ಲಿಸುತ್ತಿತ್ತು. ತಪ್ಪಾಗಿ ನುಡಿಸಲು ಅವನಿಗೆ ಇನ್ನು ಸಾಧ್ಯವೇ ಇರಲಿಲ್ಲ.

ನೈಜೆಲ್ ಧ್ವನಿ ನೋಡಿಕೊಳ್ಳುವವನಿಗೆ ಕಣ್ಣಿನಲ್ಲೇ ಏನೋ ಹೇಳಿದ. ಆತ ಕಾಜ್‌ನ ಗಿಟಾರಿನ ದನಿಯನ್ನು ಪೂರ್ತಿ ಇಳಿಸಿಬಿಟ್ಟ. ಕಾಜ್‌ನ ಬೆರಳು ಓಡುತ್ತಿತ್ತು, ಸದ್ದಿರಲಿಲ್ಲ. ಆ ಖಾಲಿಗೆ ನೈಜೆಲ್‌ನ ಗಿಟಾರು ನುಗ್ಗಿತು. ಒರಟು, ಸೊಟ್ಟ, ಸ್ಟ್ಯಾಶ್ ಮಾಮನ ಕೋಣೆಯ ಅದೇ ಸದ್ದು. ಅದರ ಮೇಲೆ ಎಡ್ಡಿಯಂತೆಯೇ ಗಂಟಲು ಹರಿದುಕೊಳ್ಳುವ ಒಬ್ಬ ಹುಡುಗ. ಬಾಯಿ ತೆರೆದದ್ದೇ ನನಗೆ ತಿಳಿಯಲಿಲ್ಲ. ಎಲ್ಲರಿಗಿಂತ ಜೋರಾಗಿ ಕೂಗಿದೆ. ಕೂಗುತ್ತಲೇ ಇದ್ದೆ. ಕಾಜ್ ವೇದಿಕೆಯಿಂದ ನನ್ನ ಕಡೆ ನೋಡಿದ.

ಹಾಡು ಮುಗಿದಾಗ ನೈಜೆಲ್ ಅವನನ್ನು ತಬ್ಬಿ, "ನಮ್ಮೆಲ್ಲರಿಗೂ ಅಪ್ಪ ಇವರು!" ಎಂದು ಮೈಕಿನಲ್ಲಿ ಸಾರಿದ. ಭಾರೀ ಚಪ್ಪಾಳೆ ಬಿತ್ತು.

ಹೊರಗೆ ಇನ್ನೂ ಬಿಸಿಲಿತ್ತು. ನಾನು ಕಾರು ತೆಗೆದೆ, ಕಾಜ್ ಗಿಟಾರನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೂತ. ವುಡ್‌ವರ್ಡ್ ರಸ್ತೆ ದಾಟಿ ಒಂದು ಕೆಂಪು ಸಿಗ್ನಲ್ಲಿಗೆ ನಿಂತೆವು.

"ನೀನೂ ಕೂಗಿದೆ," ಎಂದ ಕಾಜ್.

"ಏನೋ ಜನರ ಜೊತೆ, ಹಾಗೇ..."

"ನಾನು ನುಡಿಸ್ತಿದ್ದಾಗ ಕೂಗಲಿಲ್ಲ."

"ಅದು ನಿನ್ನ ಸದ್ದೇ ಕಣೋ ಕಾಜ್, ಅವನು ನುಡಿಸಿದ್ದು."

"ಎಷ್ಟು ವರ್ಷದಿಂದ ಗೊತ್ತಿತ್ತು ನಿಂಗೆ?" ಎಂದು ಕೇಳಿದ. "ಅದೇ ಚೆನ್ನಾಗಿದೆ ಅಂತ?"

ಸಿಗ್ನಲ್ ಹಸಿರಾಯಿತು. ಹಿಂದಿನವನು ಹಾರ್ನ್ ಹೊಡೆದ. ಸ್ಟ್ಯಾಶ್ ಮಾಮ ಟೇಪು ಹಾಕಿದ ಮೊದಲ ದಿನದಿಂದಲೂ ಗೊತ್ತಿತ್ತು. ನಾನು ಗೇರು ಹಾಕಿದೆ. ಕಾಜ್ ಬಾಗಿಲು ತೆರೆದು, ಗಿಟಾರನ್ನು ಸೀಟಿನ ಮೇಲೆಯೇ ಬಿಟ್ಟು, ಕಾರುಗಳ ನಡುವೆ ಇಳಿದು ನಡೆದ.