ಅಚ್ಚುಗಾರನ ಅಣ್ಣ

ತಮ್ಮನ ಕಸುಬು ಹಲ್ಲು ಕಟ್ಟುವುದು. ಕೀಳುವ ಡಾಕ್ಟರುಗಳು ಬೇರೆ ಇದ್ದರು. ಕೀಳಿಸಿಕೊಂಡು ಬೊಚ್ಚುಬಾಯಿಯಾದವರು ಬಂದು ಕೂರುತ್ತಿದ್ದದ್ದು ಇವನ ಕುರ್ಚಿಯಲ್ಲಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಯ ಮೇಲೆ ಎರಡು ಕೋಣೆ. ಮುಂದಿನದರಲ್ಲಿ ಕುರ್ಚಿ, ಹಿಂದಿನದರಲ್ಲಿ ಗ್ಯಾಸ್ ಒಲೆ, ಮೇಣದ ಹಾಳೆ, ಉಜ್ಜುವ ಮೋಟಾರು. ಗೋಡೆಯ ಕಪಾಟಿನ ತುಂಬ ಊರಿನ ಮುದುಕ ಮುದುಕಿಯರ ದವಡೆಗಳ ಅಚ್ಚು, ಬಿಳಿ ಪ್ಲಾಸ್ಟರಿನಲ್ಲಿ. ತಮ್ಮನ ಬಲಗಣ್ಣಿನ ರೆಪ್ಪೆ ಹುಟ್ಟಿನಿಂದಲೇ ಅರ್ಧ ಜೋತುಬಿದ್ದಿತ್ತು. ಮಾತು ಕಡಿಮೆ. ಬಾಯಿ ತೆರೆದುಕೊಂಡು ಕೂತವರ ಹತ್ತಿರ ಏನು ಮಾತಾಡಲಿ ಎಂದು ಹೆಂಡತಿಗೆ ತಮಾಷೆ ಮಾಡುತ್ತಿದ್ದ.

ಅಣ್ಣ ಒಂದು ಪತ್ರಿಕೆಯಲ್ಲಿ ಕರಡು ತಿದ್ದುತ್ತ, ಬಿಡುವಿನಲ್ಲಿ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದ. ಬರೆದದ್ದೆಲ್ಲ ಪ್ರಕಾಶಕನ ಗೋದಾಮಿನಲ್ಲಿ ಗೆದ್ದಲು ಹಿಡಿಯುತ್ತಿತ್ತು. ಕಡೆಗೊಂದು ದಿನ ಪ್ರಕಾಶಕ ಮುಖಕ್ಕೆ ಹೊಡೆದ ಹಾಗೆ ಹೇಳಿದ: "ಕೊಲೆಯೇನೋ ಚೆನ್ನಾಗಿ ಮಾಡಿಸ್ತೀರಿ ಸಾರ್. ಆದ್ರೆ ನಿಮ್ಮ ಕೊಲೆಗಾರನಿಗೆ ಮುಖಾನೇ ಇಲ್ಲ. ಓದಿದೋರು ಬೀದೀಲಿ ಅವನನ್ನ ಕಂಡ್ರೆ ಬೆಚ್ಚಿ ಬೀಳಬೇಕು."

ಅದಾದ ಮೇಲೆ ಅಣ್ಣ ತಮ್ಮನ ಅಂಗಡಿಗೆ ಬಂದು ಕೂರುವುದು ಶುರುವಾಯಿತು. ಮೂಲೆಯ ಸ್ಟೂಲಿನ ಮೇಲೆ ಕೂತು ಮೇಣ ಕರಗಿಸುವುದನ್ನು ನೋಡುತ್ತಿದ್ದ, ಅದೇನು ಇದೇನು ಎಂದು ಕೇಳುತ್ತಿದ್ದ. ತಮ್ಮ ಹಿರಿಹಿರಿ ಹಿಗ್ಗಿದ. ಚಿಕ್ಕಂದಿನಿಂದ ಅಣ್ಣನ ಹಿಂದೆ ಹಿಂದೆ ಓಡಿ ಬೈಸಿಕೊಂಡವನಿಗೆ, ಅಣ್ಣನೇ ಬಂದು ಪಕ್ಕದಲ್ಲಿ ಕೂತದ್ದು ದೊಡ್ಡ ಮಾತು. ಆ ಹಿಗ್ಗಿನಲ್ಲೇ ಒಂದು ಮಧ್ಯಾಹ್ನ ಯಾರಿಗೂ ತೋರಿಸದ್ದನ್ನು ತೋರಿಸಿದ. ಕಪಾಟಿನ ಕೆಳಗಿನ ಅರೆಯಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ಪುಟ್ಟ ಕೈಯ ಅಚ್ಚು. ಅವನ ಒಂದೇ ಒಂದು ಮಗು ಹುಟ್ಟಿದ ವಾರದೊಳಗೇ ತೀರಿಕೊಂಡಿತ್ತು. ಆಸ್ಪತ್ರೆಯಿಂದ ತರುವ ಮೊದಲು ಅದರ ಅಂಗೈಯನ್ನು ಮೇಣದಲ್ಲಿ ಒತ್ತಿಕೊಂಡಿದ್ದ.

"ಅವಳಿಗೆ ಗೊತ್ತಿಲ್ಲ ಅಣ್ಣ. ನೋಡಿದ್ರೆ ತಡ್ಕೊಳ್ಳಲ್ಲ ಅಂತ ಇಟ್ಬಿಟ್ಟೆ," ಎಂದ.

ಅಣ್ಣ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ತಮ್ಮನ ಹೆಗಲ ಮೇಲೆ ಕೈಯಿಟ್ಟ. ತಮ್ಮ ಅತ್ತುಬಿಟ್ಟ.

ಮುಂದಿನ ವರ್ಷ ಅಣ್ಣನ ಹೊಸ ಕಾದಂಬರಿ 'ಅಚ್ಚುಗಾರ' ಬಂತು. ಕನ್ನಡಕದ ಅಂಗಡಿಯ ಮೇಲೆ ಕೂತು ಹಲ್ಲು ಕಟ್ಟುವ, ಒಂದು ರೆಪ್ಪೆ ಜೋತುಬಿದ್ದ, ಮಾತಿಲ್ಲದ ಮನುಷ್ಯ. ಗಿರಾಕಿಗಳನ್ನು ಕುರ್ಚಿಯಲ್ಲೇ ಉಸಿರುಗಟ್ಟಿಸಿ ಕೊಂದು, ಅವರ ಹಲ್ಲನ್ನೇ ಬೇರೆಯವರಿಗೆ ಕಟ್ಟಿ ಕೊಡುತ್ತಿದ್ದ. ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. ರೈಲಿನಲ್ಲಿ, ಕ್ಷೌರದಂಗಡಿಯಲ್ಲಿ, ಕಚೇರಿಯ ಮೇಜಿನ ಕೆಳಗೆ ಎಲ್ಲರ ಕೈಯಲ್ಲೂ ಅದೇ.

ಮೊದಮೊದಲು ಬೀದಿಯವರು ನಕ್ಕರು. "ಏನ್ ಅಚ್ಚುಗಾರ್ರೇ, ಇವತ್ತು ಯಾರದ್ದು ಸರದಿ?" ಎಂದರು. ಆಮೇಲೆ ನಗು ನಿಂತಿತು, ಗಿರಾಕಿಗಳೂ ನಿಂತರು. ಬಂದ ಒಬ್ಬಿಬ್ಬರೂ ಬಾಯಿ ತೆರೆಯುವ ಮೊದಲು ಬಾಗಿಲು ತೆರೆದಿದೆಯೇ ಎಂದು ನೋಡಿಕೊಳ್ಳುತ್ತಿದ್ದರು.

ತಮ್ಮ ಹೋಗಿ ಕೇಳಿದ. ಅಣ್ಣ ನಕ್ಕ. "ನಿನ್ನ ಹೆಸರು ಹಾಕಿದೀನೇನೋ? ಕಥೆ ಕಣೋ ಅದು. ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀಯ?"

ತಮ್ಮನ ಮನೆಯಲ್ಲೇ ಇದ್ದ ಅಮ್ಮನೂ ದೊಡ್ಡವನ ಪರ. "ಅವನಿಗೀಗ ತಾನೇ ಒಳ್ಳೇ ಕಾಲ ಬಂದಿದೆ. ಅದಕ್ಕೆ ಕಲ್ಲು ಹಾಕ್ಬೇಡ," ಎಂದಳು. ತಮ್ಮ ಕಟ್ಟಿಕೊಟ್ಟ ಹಲ್ಲು ಹಾಕಿಕೊಂಡೇ ಟಿವಿಯವರ ಮುಂದೆ ಕೂತು ದೊಡ್ಡ ಮಗನ ಬಾಲ್ಯ ವರ್ಣಿಸಿದಳು. ಇನ್ನೊಬ್ಬ ಮಗನಿದ್ದಾನೆಯೇ ಎಂದು ಅವರು ಕೇಳಲಿಲ್ಲ, ಅವಳು ಹೇಳಲೂ ಇಲ್ಲ.

ಎರಡನೆಯ ಭಾಗದಲ್ಲಿ ಅಚ್ಚುಗಾರ ಹೇಗೆ ಕೊಲೆಗಾರನಾದ ಎನ್ನುವ ಕಥೆಯಿತ್ತು. ಅವನ ಮೊದಲ ಬಲಿ ಅವನದೇ ಹಸುಗೂಸು. ಕೊಂದ ಮೇಲೆ ಅದರ ಕೈಯ ಅಚ್ಚು ತೆಗೆದು, ಹೆಂಡತಿಗೆ ಕಾಣದ ಹಾಗೆ ಕಪಾಟಿನ ಕೆಳಗಿನ ಅರೆಯಲ್ಲಿ ಬಟ್ಟೆ ಸುತ್ತಿ ಇಡುತ್ತಾನೆ.

ತಮ್ಮನ ಹೆಂಡತಿ ಪುಸ್ತಕ ಓದಿ ಮುಗಿಸಿ, ನೆಟ್ಟಗೆ ಅಂಗಡಿಗೆ ಬಂದಳು. ಮಂಡಿಯೂರಿ ಕೂತು ಕೆಳಗಿನ ಅರೆಗೆ ಕೈ ಹಾಕಿದಳು. ಬಟ್ಟೆ ಬಿಚ್ಚಿದಳು. ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

"ಅವರು ಬರೆದಿದ್ದು ಸುಳ್ಳು ಅಂತ ನಂಗೊತ್ತು ರೀ," ಎಂದಳು. "ಆದ್ರೆ ಇದು ಇತ್ತಲ್ಲ. ಇಷ್ಟು ವರ್ಷ ಇಲ್ಲೇ ಇತ್ತಲ್ಲ. ನಂಗೆ ತೋರಿಸ್ಲಿಲ್ಲ, ಅವರಿಗೆ ತೋರಿಸಿದ್ರಿ."

"ನೀನು ತಡ್ಕೊಳ್ಳಲ್ಲ ಅಂತ..."

"ಈಗ ಊರೆಲ್ಲ ಓದಿದ ಮೇಲೆ ತಡ್ಕೋಬಹುದಾ?"

ಅಚ್ಚನ್ನು ಮಡಿಲಲ್ಲಿ ಕಟ್ಟಿಕೊಂಡು ತನ್ನ ಅಕ್ಕನ ಮನೆಗೆ ಹೋದಳು. ಮತ್ತೆ ಬರಲಿಲ್ಲ.

ಅಣ್ಣ ಈಗ ಕೆರೆಯ ದಡದ ದೊಡ್ಡ ಮನೆಯಲ್ಲಿದ್ದ. ತಮ್ಮ ಅಲ್ಲಿಗೆ ಹೋಗಿ ನಿಂತಾಗ, "ಬರೀಬೇಡ ಅಂತ ನೀನು ಹೇಳಿರ್ಲಿಲ್ಲವಲ್ಲೋ," ಎಂದ. ನಿಜವಾಗಿಯೂ ಆಶ್ಚರ್ಯಪಟ್ಟವನ ಹಾಗಿತ್ತು ಅವನ ದನಿ.

ಭಾಗಗಳು ಬರುತ್ತಲೇ ಹೋದವು. ಅಮ್ಮ ಜಾರಿಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಾಗ ಅಣ್ಣ ಪುಸ್ತಕದ ಪ್ರಚಾರಕ್ಕೆಂದು ಊರೂರು ಸುತ್ತುತ್ತಿದ್ದ. ತಮ್ಮನೇ ಬಟ್ಟೆ ಬದಲಿಸಿದ, ಗಂಜಿ ಕುಡಿಸಿದ. ಪ್ರತಿ ಚಮಚಕ್ಕೂ ಅಮ್ಮ ಅವನನ್ನು ದೊಡ್ಡ ಮಗನ ಹೆಸರು ಹಿಡಿದೇ ಕರೆದಳು. "ಬಂದ್ಯಾ? ಬಂದ್ಯಲ್ಲ, ಸಾಕು," ಎಂದು ಅವನ ಕೆನ್ನೆ ಸವರಿ ಕಣ್ಣು ಮುಚ್ಚಿದಳು. ಎಲ್ಲ ಮುಗಿದ ಮೇಲೆ ಅಣ್ಣ ಬಂದ. "ನನ್ನ ಕೇಳಿದ್ಳೇನೋ?" ಎಂದ. "ಕೇಳಿದ್ಳು," ಎಂದಷ್ಟೇ ತಮ್ಮ ಹೇಳಿದ.

ವಯಸ್ಸಾಗುತ್ತ ಅಣ್ಣನ ಹಲ್ಲು ಒಂದೊಂದಾಗಿ ಉದುರಿದವು. ದೊಡ್ಡ ದೊಡ್ಡ ಡಾಕ್ಟರುಗಳು ಕಟ್ಟಿಕೊಟ್ಟದ್ದು ಒಸಡಿಗೆ ಒತ್ತುತ್ತಿತ್ತು. ಹೊಸ ಪುಸ್ತಕದ ಬಿಡುಗಡೆ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಮಹಡಿ ಮೆಟ್ಟಿಲು ಹತ್ತಿ ಬಂದು, ತಾನೇ ಕುರ್ಚಿಯಲ್ಲಿ ಕೂತ. "ನಿನ್ನ ಕೈಗುಣ ಯಾರಿಗೂ ಇಲ್ಲ ಕಣೋ," ಎಂದ.

ತಮ್ಮ ಅಚ್ಚು ತೆಗೆಯುವ ಪೇಸ್ಟ್ ಕಲಸಿ, ಟ್ರೇಗೆ ತುಂಬಿ, ಅಣ್ಣನ ಬಾಯೊಳಗಿಟ್ಟು ಒತ್ತಿ ಹಿಡಿದ. ಅದು ಗಟ್ಟಿಯಾಗುವವರೆಗೆ ಕೂತವರು ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಜೀವಮಾನದಲ್ಲಿ ಮೊದಲ ಸಲ ಅಣ್ಣ ಸುಮ್ಮನಿದ್ದ, ತಮ್ಮ ಮಾತಾಡಿದ.

"ಅಮ್ಮ ನಿನ್ನ ಕೇಳಿದ್ಳು ಅಂದಿದ್ನಲ್ಲ. ಹೇಗೆ ಕೇಳಿದ್ಳು ಗೊತ್ತಾ? ದೊಡ್ಡವನನ್ನ ಒಳಗೆ ಬಿಡಬೇಡ ಅಂದ್ಳು. ಅವನ ಕೈ ನನ್ನ ಹೆಣಕ್ಕೂ ತಾಗಬಾರ್ದು ಅಂದ್ಳು. ಹಸುಗೂಸನ್ನೂ ಬಿಡದೆ ಮಾರ್ಕೊಂಡೋನು ನನ್ನ ಹೊಟ್ಟೇಲಿ ಯಾಕೆ ಹುಟ್ಟಿದ ಅಂತ ಅತ್ಲು."

ಅಣ್ಣನ ಕಣ್ಣಲ್ಲಿ ನೀರು ತುಂಬಿ ಎರಡೂ ಕಡೆ ಕಿವಿಯತ್ತ ಹರಿಯಿತು. ತಮ್ಮ ನೋಡುತ್ತಲೇ ಇದ್ದ. ಎದೆಯೊಳಗೆ ಬೆಲ್ಲದ ಪಾಕದಂಥದ್ದೇನೋ ಇಳಿಯಿತು. ಪೇಸ್ಟ್ ಗಟ್ಟಿಯಾದ ಮೇಲೂ ಸ್ವಲ್ಪ ಹೊತ್ತು ಟ್ರೇ ತೆಗೆಯಲಿಲ್ಲ.

ತೆಗೆದ ಮೇಲೆ ಅಣ್ಣ ಬಾಯಿ ಮುಕ್ಕಳಿಸಿ ಉಗಿದ. ತುಟಿ ಒರೆಸಿಕೊಂಡ.

"ಅಮ್ಮ ಹಾಗಂದಿರಲ್ಲ ಕಣೋ," ಎಂದ. "ನೀನು ಸುಳ್ಳು ಹೇಳೋವಾಗ ಆ ರೆಪ್ಪೆ ಮೇಲಕ್ಕೆ ಹೋಗುತ್ತೆ. ಚಿಕ್ಕೋನಾಗಿದ್ದಾಗಿಂದ ನೋಡಿದೀನಿ."

"ಮತ್ತೆ ಯಾಕೆ ಅತ್ತೆ?"

"ಅಷ್ಟು ಪೇಸ್ಟ್ ಗಂಟಲಿಗೆ ಇಳಿದ್ರೆ ಯಾರ ಕಣ್ಣಲ್ಲಾದ್ರೂ ನೀರು ಬರುತ್ತೆ." ಕುರ್ಚಿಯಿಂದೆದ್ದು ತಮ್ಮನ ಬೆನ್ನು ತಟ್ಟಿದ. "ಆದ್ರೆ ಚೆನ್ನಾಗಿದೆ. ಬಾಯಿ ಕಟ್ಟಿಹಾಕಿ, ತಾಯಿ ಹೆಸರಲ್ಲಿ ಸುಳ್ಳು ಹೇಳೋದು. ಇದು ನಂಗೆ ಹೊಳೆದಿರ್ಲಿಲ್ಲ ನೋಡು. ಮುಂದಿನದ್ರಲ್ಲಿ ಹಾಕ್ತೀನಿ."

ತಮ್ಮ ಅಣ್ಣನ ಹಲ್ಲಿನ ಸೆಟ್ಟನ್ನು ಬೇಕೆಂದೇ ಕೆಡಿಸಿದ. ಅಂಗುಳಿನ ಕಡೆ ಕೂದಲೆಳೆಯಷ್ಟು ಹೆಚ್ಚು ಉಜ್ಜಿದ. ಮನೆಯಲ್ಲಿ ಕೂತು ಗಂಜಿ ಕುಡಿಯುವವನಿಗೆ ಗೊತ್ತಾಗುವುದಿಲ್ಲ. ಮೈಕಿನ ಮುಂದೆ ದನಿ ಎತ್ತಿದರೆ ಕಳಚಿ ಬೀಳಬೇಕು.

ಬಿಡುಗಡೆಯ ದಿನ ಅಣ್ಣ ಕಾರು ಕಳಿಸಿದ. ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ತಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಅಣ್ಣ ಮಾತಿಗೆ ನಿಂತ. ಅವನು ದನಿ ಏರಿಸಿದ್ದೇ ತಡ ಮೇಲಿನ ಸೆಟ್ ಕಟಕ್ಕೆಂದು ಕಳಚಿ, ಹಲ್ಲೆಲ್ಲ ತುಟಿಯಾಚೆ ಬಂದವು. ತಮ್ಮ ಮುಂದಕ್ಕೆ ಬಾಗಿದ.

ಅಣ್ಣ ನಿಧಾನವಾಗಿ ಸೆಟ್ ತೆಗೆದು, ದೀಪದ ಬೆಳಕಿಗೆ ಎತ್ತಿ ಹಿಡಿದ. ಬೊಚ್ಚುಬಾಯಲ್ಲೇ ಹೇಳಿದ: "ಇದನ್ನ ಕಟ್ಟಿದೋನು ಅಚ್ಚುಗಾರ. ಇಲ್ಲೇ ಕೂತಿದಾನೆ. ಇಷ್ಟು ಜನರನ್ನ ಕೊಂದ್ರೂ ಅವನಿಗೆ ತೃಪ್ತಿಯಿಲ್ಲ, ನನ್ನನ್ನೂ ಮುಗಿಸೋಕೆ ನೋಡ್ತಿದಾನೆ!"

ಚಾವಣಿ ಹಾರುವ ಹಾಗೆ ನಗು, ಚಪ್ಪಾಳೆ. ಎಲ್ಲ ಕತ್ತುಗಳೂ ಇವನತ್ತ ಹೊರಳಿದವು. "ಎದ್ದು ನಿಲ್ಲಿ, ಎದ್ದು ನಿಲ್ಲಿ," ಎಂದು ಯಾರೋ ಕೂಗಿದರು. ತಮ್ಮ ಎದ್ದು ನಿಂತ. ಮರುದಿನ ಪತ್ರಿಕೆಗಳಲ್ಲೆಲ್ಲ ಅವನದೇ ಚಿತ್ರ.

ಆ ಪುಸ್ತಕ ಹಿಂದಿನ ಎಲ್ಲವನ್ನೂ ಮೀರಿಸಿ ಮಾರಾಟವಾಯಿತು. ತಮ್ಮನ ಮೆಟ್ಟಿಲ ಮೇಲೂ ಮತ್ತೆ ಜನ ಸಾಲುಗಟ್ಟಿದರು. ಗಟ್ಟಿಮುಟ್ಟಾದ ಹಲ್ಲಿದ್ದವರೇ ಹೆಚ್ಚು. ಕುರ್ಚಿಯಲ್ಲಿ ಕೂತು, ಬಾಯಿ ತೆರೆದು, "ಕತ್ತಿನ ಮೇಲೆ ಕೈಯಿಡಿ ಅಂಕಲ್, ಫೋಟೋಗೆ," ಎನ್ನುತ್ತಿದ್ದರು. ಅವನು ಇಡುತ್ತಿದ್ದ. ಅಣ್ಣ ಆಗಾಗ ಬಂದು ಮೂಲೆಯ ಸ್ಟೂಲಿನಲ್ಲಿ ಕೂತು, "ಸ್ವಲ್ಪ ಬಿಗಿಯಾಗಿ ಹಿಡಿಯೋ, ನಿಜ ಅನ್ನಿಸಬೇಕು," ಎಂದು ಹೇಳಿಕೊಡುತ್ತಿದ್ದ.