ಕಾಡು ಟೈರೋ, ಗಡ್ಡೆ ಟೈರೋ

ಸಾರ್ಕಿ ಸರೋವರದ ದಡದಲ್ಲಿರುವ ಆ ಊರಿನವರು ಯಾರ ಮಾತನ್ನೂ ಸುಲಭಕ್ಕೆ ನಂಬುವವರಲ್ಲ. ರೇಡಿಯೋದಲ್ಲಿ ಹವಾಮಾನ ಕೇಳಿದ ಮೇಲೂ ಕಿಟಕಿಯಾಚೆ ನೋಡಿ ಖಾತ್ರಿ ಮಾಡಿಕೊಳ್ಳುತ್ತಾರೆ, ಪಾದ್ರಿಯನ್ನು ಕ್ರಿಸ್‌ಮಸ್ಸಿಗೊಮ್ಮೆ ನಂಬುತ್ತಾರೆ, ಹೆಲ್ಸಿಂಕಿಯಿಂದ ಬಂದದ್ದನ್ನಂತೂ ಯಾವತ್ತೂ ನಂಬುವುದಿಲ್ಲ. ಅಂಥ ಊರಿನಲ್ಲಿ ಟೈರಿನ ವಿಚಾರಕ್ಕೆ ಬಂದರೆ ಮಾತ್ರ ತೌನೊ ಕಾರ್ಪಿನೆನ್ ಹೇಳಿದ್ದು ವೇದವಾಕ್ಯ. ಈಗ ಶಾಲೆಯ ಬಸ್ಸು ಓಡಿಸುವ ತೌನೊ ಒಂದು ಕಾಲದಲ್ಲಿ ಫೆಬ್ರವರಿಯ ಬೈಕ್ ಪಂದ್ಯವನ್ನು ವರ್ಷ ಬಿಡದೆ ಗೆಲ್ಲುತ್ತಿದ್ದವನು. ಮಂಡಿಗಳು ಕೈಕೊಟ್ಟ ಮೇಲೆ ಗೆಲ್ಲುವ ಕೆಲಸವನ್ನು ಬೇರೆಯವರಿಗೆ ಬಿಟ್ಟು, ಗೆಲ್ಲಿಸುವ ಕೆಲಸವನ್ನು ತಾನು ಇಟ್ಟುಕೊಂಡಿದ್ದ.

ಆರಿಸಬೇಕಾದದ್ದು ಎರಡರಲ್ಲಿ ಒಂದು. ಗಡ್ಡೆ ಟೈರಿಗೆ ಮೈತುಂಬ ಒತ್ತೊತ್ತಾಗಿ ಗಿಡ್ಡ ಮೊಳೆಗಳು. ಹೆಪ್ಪುಗಟ್ಟಿದ ಸರೋವರದ ಬೋಳು ಮಂಜುಗಡ್ಡೆಯ ಮೇಲೆ ಅದು ಹಳಿ ಹಿಡಿದ ರೈಲಿನ ಹಾಗೆ ಓಡುತ್ತದೆ. ಕಾಡು ಟೈರಿಗೆ ಎತ್ತರದ ರಬ್ಬರಿನ ಹಲ್ಲುಗಳು, ನಡುವೆ ಅಗಲವಾದ ಸಂದು, ಅಲ್ಲೊಂದು ಇಲ್ಲೊಂದು ಉದ್ದ ಮೊಳೆ. ಬೋಳು ಗಡ್ಡೆಯ ಮೇಲೆ ಕುಡುಕನಂತೆ ತೂರಾಡಿದರೂ ಹಿಮದಲ್ಲಿ, ಕೆಸರಿನಲ್ಲಿ ಅಗೆದುಕೊಂಡು ಹೋಗುತ್ತದೆ. ಪಂದ್ಯದ ದಾರಿಯಲ್ಲಿ ಎರಡೂ ಇದೆ, ನಡುವೆ ಟೈರು ಬದಲಿಸುವಂತಿಲ್ಲ. ಆದ್ದರಿಂದ ಪಂದ್ಯದ ಹಿಂದಿನ ವಾರ ಒಬ್ಬೊಬ್ಬರಾಗಿ ತೌನೊನ ಮನೆಗೆ ಬರುತ್ತಿದ್ದರು. ಬಂದವರು ಚಳಿಯ ಬಗ್ಗೆ ಮಾತಾಡುತ್ತಿದ್ದರು, ಕಾಫಿ ಕುಡಿಯುತ್ತಿದ್ದರು, ಎರಡನೆಯ ಲೋಟವನ್ನೂ ಕುಡಿಯುತ್ತಿದ್ದರು. ಹೊರಡುವಾಗ ಬಾಗಿಲ ಬಳಿ ಬಗ್ಗಿ ಬೂಟು ಹಾಕಿಕೊಳ್ಳುವ ಹೊತ್ತಿಗೆ ತೌನೊ ಕಿವಿಯ ಹತ್ತಿರ ಒಂದು ಪದ ಉದುರಿಸುತ್ತಿದ್ದ: ‘ಕಾಡು’ ಅಂತಲೋ, ‘ಗಡ್ಡೆ’ ಅಂತಲೋ. ಅಷ್ಟೇ. ಯಾರಿಗೆ ಏನು ಹೇಳಿದ ಎಂದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ.

ಈ ವರ್ಷ ಯಾರೂ ಬರಲಿಲ್ಲ.

ಕಾರಣ ಊರಿಗೆಲ್ಲ ಗೊತ್ತಿತ್ತು. ಅಕ್ಟೋಬರಿನಲ್ಲಿ ತೌನೊನ ಹೆಂಡತಿ ಹಿಲ್ಕ ಎರಡು ಸೂಟ್‌ಕೇಸು ಮತ್ತು ಹೊಲಿಗೆ ಯಂತ್ರದೊಂದಿಗೆ ಸರೋವರದ ಆಚೆ ದಡಕ್ಕೆ, ಇಲ್ಪೊ ಮೊಯ್ಲಾನೆನ್‌ನ ಮನೆಗೆ ಹೋಗಿಬಿಟ್ಟಿದ್ದಳು. ಇಲ್ಪೊ ಬೇರೆ ಯಾರೋ ಅಲ್ಲ. ಮೂವತ್ತು ವರ್ಷ ತೌನೊನ ಜೊತೆಗೇ ಬೈಕು ಓಡಿಸಿದವನು, ಅವನು ಬಿಟ್ಟ ಮೇಲೆ ಪಂದ್ಯ ಗೆಲ್ಲುತ್ತ ಬಂದವನು, ತೌನೊ-ಹಿಲ್ಕರ ಮದುವೆಯಲ್ಲಿ ಉಂಗುರ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದವನು. ಬೇಸಿಗೆಯಲ್ಲಾದರೆ ಆ ಮನೆಗೆ ದಡ ಸುತ್ತಿ ಅರ್ಧ ಗಂಟೆಯ ದಾರಿ. ಚಳಿಗಾಲ ಬಂದು ಸರೋವರ ಗಟ್ಟಿಯಾದರೆ ಅದು ತಾನಾಗಿಯೇ ಹತ್ತಿರ ಬರುತ್ತದೆ. ತೌನೊನ ಅಡುಗೆಮನೆಯಿಂದ ಅವರ ದೀಪ ಕಾಣುತ್ತಿತ್ತು. ಅವನು ಪರದೆ ಹಾಕಿದ. ಪರದೆ ಹಿಲ್ಕ ಹೊಲಿದದ್ದು.

ತೌನೊ ಯಾರನ್ನೂ ಬೈಯಲಿಲ್ಲ, ಕುಡಿಯಲಿಲ್ಲ, ಬಸ್ಸನ್ನು ಒಂದು ದಿನವೂ ತಡಮಾಡಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ. ಹಿಲ್ಕ ವಾಪಸು ಬರಲಿ ಎಂದಲ್ಲ, ಅದು ಆಗದ ಮಾತು ಎಂದು ಅವನಿಗೆ ಗೊತ್ತಿತ್ತು. ತಾನು ಬಿಟ್ಟುಬಂದದ್ದು ಒಬ್ಬ ನೆಟ್ಟಗಿನ ಮನುಷ್ಯನನ್ನು ಎಂದು ಅವಳು ಒಮ್ಮೆ ಬಾಯಿಬಿಟ್ಟು ಹೇಳಬೇಕಿತ್ತು. ಅಷ್ಟು ಸಿಕ್ಕರೆ ಉಳಿದ ಆಯುಷ್ಯವನ್ನು ಹೇಗೋ ನೂಕಬಹುದು ಎಂದುಕೊಂಡಿದ್ದ.

ಪಂದ್ಯದ ವಾರ ಮೀನಿಗೆಂದು ಹೊಂಕ ದ್ವೀಪದ ಹಿಂದಿನ ಕೊಲ್ಲಿಗೆ ಹೋದ ತೌನೊ ಗಡ್ಡೆಗೆ ತೂತು ಕೊರೆಯುವ ಮೊದಲೇ ಅವನ ಬೂಟಿನೊಳಗೆ ತಣ್ಣೀರು ನುಗ್ಗಿತು. ಜನವರಿಯಲ್ಲಿ ಸುರಿದ ಹಿಮದ ಭಾರಕ್ಕೆ ಗಡ್ಡೆ ಕುಸಿದು, ಬಿರುಕಿನಿಂದ ಕೆಳಗಿನ ನೀರು ಮೇಲೆ ಬಂದು, ಹಿಮದ ಅಡಿಯಲ್ಲಿ ಅಂಬಲಿಯ ಹಾಗೆ ನಿಂತಿತ್ತು. ಅಲ್ಲಿನವರು ಇದಕ್ಕೆ ಉಹ್ಕು ಎನ್ನುತ್ತಾರೆ. ನಮ್ಮ ಉಕ್ಕುವುದಕ್ಕೂ ಅದಕ್ಕೂ ನೆಂಟಸ್ತನ ಇದೆಯೋ ಇಲ್ಲವೋ, ಕೆಲಸ ಮಾತ್ರ ಅದೇ. ಮೇಲಿಂದ ನೋಡಿದರೆ ಹಾಸಿದ ಬಿಳಿ ಚಾದರ. ಗಡ್ಡೆ ಟೈರು ಅದರಲ್ಲಿ ಇಳಿದರೆ ಮೊಳೆಗಳ ನಡುವೆ ಅಂಬಲಿ ತುಂಬಿಕೊಂಡು ಗಾಲಿ ಇದ್ದಲ್ಲೇ ತಿರುಗುತ್ತದೆ. ಹಲ್ಲಿನ ಟೈರಾದರೆ, ಕೈ ಸಡಿಲ ಬಿಡದಿದ್ದರೆ, ದಾಟಬಹುದು. ಪಂದ್ಯದ ದಾರಿಗೆ ಗುರುತಾಗಿ ನೆಟ್ಟ ಸ್ಪ್ರೂಸ್ ಮರದ ಟೊಂಗೆಗಳು ಸರಿಯಾಗಿ ಅದರ ಮಧ್ಯದಲ್ಲೇ ಸಾಲಾಗಿ ಹೋಗಿದ್ದವು.

ಗುರುವಾರ ಸಂಜೆ ತೌನೊ ಬೈಕ್ ಕ್ಲಬ್ಬಿನ ಕೋಣೆಗೆ ಹೋದ. ಎಲ್ಲರೂ ಇದ್ದರು. ಏಲಕ್ಕಿ ಬನ್ನಿನ ತಟ್ಟೆ ಒಂದು ಸುತ್ತು ಬಂದಿತ್ತು. ಅವನು ಬಾಗಿಲಲ್ಲೇ ನಿಂತು, ಟೋಪಿ ತೆಗೆಯದೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ಇಲ್ಪೊ, ಕಾಡು ಟೈರು ಹಾಕ್ಕೊ. ದ್ವೀಪದ ಹಿಂದೆ ಉಹ್ಕು ಇದೆ.”

ಇಲ್ಪೊ ಕಾಫಿ ಕಲಕುತ್ತಲೇ ಇದ್ದ. “ನನ್ ಮೇಲೆ ಇಷ್ಟೊಂದು ಕಾಳಜಿ ಯಾವಾಗಿಂದ ಬಂತಪ್ಪ?”

“ಮಂಡಿ ಹತ್ರ ನೀರು. ನಾನೇ ಮೀನಿಗೆ ಹೋಗಿದ್ದೆ.”

“ಮೀನು ಸಿಕ್ತಾ?”

“ಇಲ್ಲ.”

“ಅದಕ್ಕೇ ನಂಗೆ ಗಾಳ ಹಾಕ್ತಿದೀಯ.”

ಕೋಣೆ ನಕ್ಕಿತು. ನಗಬಾರದು ಎಂದುಕೊಂಡವರು ಬನ್ನು ಬಾಯಿಗೆ ಇಟ್ಟುಕೊಂಡರು. ಕ್ಲಬ್ಬಿನ ಹಿರಿಯ ಸುಲೊ ಮಧ್ಯಸ್ಥಿಕೆಗೆ ಬಂದು, ಈ ಚಳಿಗೆ ಶನಿವಾರದೊಳಗೆ ಎಂಥ ನೀರೂ ಕಲ್ಲಾಗುತ್ತದೆ ಎಂದ. ಮೇಲಿರುವ ಹಿಮ ಕಂಬಳಿ ಹೊದಿಸಿದ ಹಾಗೆ, ಕಂಬಳಿ ಕೆಳಗಿನ ನೀರು ವಸಂತದವರೆಗೂ ಕಲ್ಲಾಗುವುದಿಲ್ಲ ಎಂದು ತೌನೊ ಹೇಳಿದ. ಹಾಗಾದರೆ ದಾರಿ ಬದಲಿಸೋಣವೇ ಎಂದು ಯಾರೋ ಕೇಳಿದರು. ಮೂವತ್ತು ವರ್ಷದಿಂದ ದಾರಿ ಅದೇ, ನೀರಿದ್ದರೆ ಎಲ್ಲರಿಗೂ ಇದೆ ಎಂದು ಸುಲೊ ತೀರ್ಪು ಕೊಟ್ಟ. ಅಲ್ಲಿಗೆ ಮುಗಿಯಿತು.

ನಕ್ಕವರೆಲ್ಲ ಮನೆಗೆ ಹೋಗಿ ಸದ್ದಿಲ್ಲದೆ ಕಾಡು ಟೈರು ಹಾಕಿಕೊಂಡರು ಎಂಬುದು ಬೇರೆ ಮಾತು. ಆ ಊರಿನಲ್ಲಿ ನಗುವುದಕ್ಕೂ ನಂಬುವುದಕ್ಕೂ ಸಂಬಂಧವಿಲ್ಲ.

ಮರುದಿನ ಊರಿನ ಅಂಗಡಿಯಲ್ಲಿ, ರೈ ಬ್ರೆಡ್ಡಿನ ಕಪಾಟಿನ ಮುಂದೆ ಹಿಲ್ಕ ಸಿಕ್ಕಳು. ತಪ್ಪಿಸಿಕೊಳ್ಳಲು ಎರಡೂ ಕಡೆ ದಾರಿಯಿರಲಿಲ್ಲ. ತೌನೊ ಉಹ್ಕುವಿನ ವಿಷಯ ಹೇಳಿದ. ಇಲ್ಪೊ ನಿನ್ನೆ ಹೇಳಿದ ಎಂದಳು. ನಗುತ್ತಾ ಹೇಳಿದನೋ ಎಂದು ಕೇಳಿದ. ಅವಳು ಕಪಾಟಿನ ಕಡೆ ತಿರುಗಿದಳು.

“ನೀನಾದ್ರೂ ಹೇಳು ಅವನಿಗೆ. ನನ್ ಮಾತು ಹೋಗ್ಲಿ, ನಿನ್ ಮಾತು ಕೇಳ್ತಾನೆ.”

ಹಿಲ್ಕ ಒಂದು ಬ್ರೆಡ್ಡನ್ನು ಹಿಚುಕಿ ನೋಡಿ ಬುಟ್ಟಿಗೆ ಹಾಕಿದಳು. ಆಮೇಲೆ ಅವನ ಮುಖವನ್ನೂ ಹಾಗೆಯೇ ನೋಡಿದಳು.

“ನಿಜಾನಾ ತೌನೊ?”

“ಟೈರಿನ ವಿಷ್ಯದಲ್ಲಿ ಯಾವತ್ತಾದ್ರೂ ಸುಳ್ಳು ಹೇಳಿದೀನಾ?”

“ಇಲ್ಲ,” ಎಂದಳು. “ಹೇಳ್ತೀನಿ.”

ಆ ‘ಇಲ್ಲ’ ಎಂಬ ಮಾತನ್ನು ತೌನೊ ಮನೆಗೆ ಒಯ್ದು, ಅಕ್ಟೋಬರಿನ ನಂತರ ಮೊದಲ ಬಾರಿಗೆ ಸೌನಾ ಕಾಯಿಸಿ, ಒಬ್ಬನೇ ಹಬೆಯಲ್ಲಿ ಕೂತು ಮತ್ತೆ ಮತ್ತೆ ಕೇಳಿಸಿಕೊಂಡ. ಪೂರ್ತಿ ಸಿಕ್ಕಿರಲಿಲ್ಲ, ಮುಂಗಡ ಸಿಕ್ಕಿತ್ತು.

ಶನಿವಾರ ಚಳಿ ಎಂದರೆ ಮೂಗಿನ ಕೂದಲು ಕಡ್ಡಿಯಾಗುವ ಚಳಿ. ತೌನೊಗೆ ಮುಕ್ತಾಯದ ಗೆರೆಯಲ್ಲಿ ಬಾವುಟ ಹಿಡಿಯುವ ಕೆಲಸ. ಹೊರಡುವ ಮೊದಲು ಸಾಲಾಗಿ ನಿಂತ ಬೈಕುಗಳ ಹಿಂದಿನ ಗಾಲಿಗಳನ್ನು ಅವನು ನೋಡುತ್ತ ಹೋದ: ಹಲ್ಲು, ಹಲ್ಲು, ಹಲ್ಲು. ಇಲ್ಪೊನ ಬೈಕಿಗೆ ಬಂದಾಗ ಒತ್ತೊತ್ತಾದ ಗಿಡ್ಡ ಮೊಳೆಗಳು ಬಿಸಿಲಿಗೆ ಮಿನುಗಿದವು. ಇಲ್ಪೊ ಹೆಲ್ಮೆಟ್ಟಿನೊಳಗಿಂದ ಅವನನ್ನು ನೋಡಿ, ಬೈಕಿಗೆ ಒದ್ದು ಎಂಜಿನ್ ಎಬ್ಬಿಸಿದ.

ಬಯಲು ಗಡ್ಡೆಯ ಮೇಲೆ ಇಲ್ಪೊ ಹಾರಿಹೋದ. ಉಳಿದವರು ತೂರಾಡುತ್ತ ಹಿಂದೆ ಬಿದ್ದರು. ದಡದಲ್ಲಿ ನಿಂತವರು ತೌನೊನ ಕಡೆ ತಿರುಗಿ ನೋಡಿ, ಹೇಗೆ ಎನ್ನುವಂತೆ ಹುಬ್ಬು ಕುಣಿಸಿದರು. ಬೈಕುಗಳು ದ್ವೀಪದ ಹಿಂದೆ ಮರೆಯಾದವು. ಆಮೇಲೆ ನಡೆದದ್ದನ್ನು ದಾಟಿ ಬಂದವರು ಹೇಳಿದರು: ಇಲ್ಪೊ ಕೊಲ್ಲಿಯ ನಡುವೆ ಮಂಡಿಯುದ್ದ ಅಂಬಲಿಯಲ್ಲಿ ನಿಂತು ಬೈಕನ್ನು ಎಳೆಯುತ್ತಿದ್ದ, ಸಹಾಯಕ್ಕೆ ನಿಂತವರನ್ನು ಕೈಬೀಸಿ ಅಟ್ಟಿದ.

ಅವನು ಬಿಟ್ಟುಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಹತ್ತಿರದ ಬೇಸಿಗೆ ಮನೆಯೊಂದರಲ್ಲಿ ಒಲೆ ಹಚ್ಚಿ ಕೂತವರಿದ್ದರು, ಹೋಗಿ ಬೂಟು ಬಿಚ್ಚಬಹುದಿತ್ತು. ಇಲ್ಪೊ ಬಿಡಲಿಲ್ಲ. ಬೈಕನ್ನು ಎಳೆದು ಹಾಕಿ, ನೀರು ತುಂಬಿದ ಬೂಟಿನಲ್ಲಿ ಕಾಡಿನ ದಾರಿ ಪೂರ್ತಿ ಓಡಿಸಿ, ಎಲ್ಲರಿಗಿಂತ ಕೊನೆಗೆ ಗೆರೆ ಮುಟ್ಟಿದ. ತೌನೊ ಬಾವುಟ ಬೀಸಿದ. ಬೀಸುವಾಗ ತನ್ನ ಎದೆಯಲ್ಲಿ ಏನೋ ಒಂದು ಬೆಚ್ಚಗೆ ಅಲುಗಿದ್ದು ಅವನಿಗೆ ಗೊತ್ತಾಯಿತು. ಬೇರೆಯವರ ಸಾಮಾನನ್ನು ಮುಟ್ಟಿದವನಂತೆ ಅಲ್ಲಿಂದ ಗಮನವನ್ನು ಎಳೆದುಕೊಂಡ.

“ಬೂಟು ಬಿಚ್ಚೋ, ಇಲ್ಪೊ,” ಎಂದ.

“ನಿನ್ ಸಲಹೆ ಸಾಕು,” ಎಂದ ಇಲ್ಪೊ. ಕ್ಲಬ್ಬಿನೊಳಗೆ ಹೋಗಿ, ಕಾಲನ್ನು ಮೇಜಿನಡಿಗೆ ಚಾಚಿ, ಬಟಾಣಿ ಸಾರು ಕುಡಿದು, ಗೆದ್ದವನ ಬೆನ್ನು ತಟ್ಟಿ, ಎಲ್ಲರ ಎದುರು ನಗುತ್ತ ಕೂತ. ಮನೆಯಲ್ಲಿ ಆ ಬೂಟನ್ನು ಕತ್ತರಿಸಿ ತೆಗೆಯಬೇಕಾಯಿತು. ಎಡಗಾಲಿನಲ್ಲಿ ಚಳಿಗೆ ಸತ್ತ ಮೂರು ಬೆರಳುಗಳನ್ನು ಆಸ್ಪತ್ರೆಯಲ್ಲಿ ತೆಗೆದರು.

ಊರು ಎರಡು ದಿನ ತೌನೊನ ಪರವಾಗಿತ್ತು. ಹೇಳಿದ್ದನಲ್ಲ, ಕೇಳಲಿಲ್ಲ ಎಂದರು. ಮೂರನೆಯ ದಿನ, ನಂಬುವ ಹಾಗೆ ಹೇಳಬೇಕಿತ್ತು ಎಂದರು. ವಾರ ಕಳೆಯುವಷ್ಟರಲ್ಲಿ, ನಂಬುವುದಿಲ್ಲ ಎಂದು ಗೊತ್ತಿದ್ದೇ ಹೇಳಿದ, ಘಾಟಿ ಮನುಷ್ಯ ಎಂಬಲ್ಲಿಗೆ ಬಂದು ನಿಂತರು. ಸುಲೊ ಅದನ್ನು ಮೆಚ್ಚುಗೆಯಿಂದಲೇ ಹೇಳಿದ. ಸೇಡು ಎಂದರೆ ಹೀಗಿರಬೇಕು, ಕೈಗೆ ಕೊಳೆ ಇಲ್ಲ ಎಂದ.

ಹಿಲ್ಕ ಬಂದದ್ದು ಅದಾದ ಮೇಲೆ. ಕಾರಿನ ಹಿಂದಿನ ಬಾಗಿಲು ತೆರೆದು ಎರಡು ಕಾಡು ಟೈರುಗಳನ್ನು ಹೊರಗೆಳೆದು ಹಿಮದ ಮೇಲೆ ಇಟ್ಟಳು. ಇಲ್ಪೊ ಇನ್ನು ಬೈಕು ಹತ್ತುವುದಿಲ್ಲ, ಆ ಮನೆಯಲ್ಲಿ ಇವನ್ನು ನೋಡಲು ಯಾರಿಗೂ ಮನಸ್ಸಿಲ್ಲ, ಕ್ಲಬ್ಬಿಗೆ ಬೇಕಾದರೆ ಕೊಟ್ಟುಬಿಡು ಎಂದಳು. ತೌನೊ ಅಭ್ಯಾಸಬಲದಿಂದ ಒಂದು ಟೈರನ್ನು ಎತ್ತಿ ತಿರುಗಿಸಿದ. ಹೊಸದು. ಒಂದು ಮೊಳೆಯೂ ಸವೆದಿಲ್ಲ. ಆದರೆ ರಿಮ್ಮು ಕಚ್ಚುವ ಅಂಚಿನಲ್ಲಿ ಟೈರು ಮೀಟುವ ಲಿವರಿನ ಹಸಿ ಗಾಯಗಳಿದ್ದವು, ಎರಡು ಸಾಲು: ಹಾಕುವಾಗ ಒಂದು, ತೆಗೆಯುವಾಗ ಇನ್ನೊಂದು.

“ಹಾಕಿದ್ನಾ ಇದನ್ನ?”

“ಹಾಕಿದ್ದ,” ಎಂದಳು ಹಿಲ್ಕ. “ಗುರುವಾರ ರಾತ್ರೀನೇ. ಕ್ಲಬ್ಬಿಂದ ಬಂದೋನೇ ನಿನ್ನ ಬೈಕೊಂಡು ಬೈಕೊಂಡು ಹಾಕಿದ.”

ತೌನೊ ಟೈರನ್ನು ಕೆಳಗಿಟ್ಟ. ಒಳಗೆ ಬಾ, ಕಾಫಿ ಇಡುತ್ತೇನೆ ಎಂದ. ಅವಳು ಕಾರಿನ ಬಾಗಿಲಿನಿಂದ ಕೈ ತೆಗೆಯಲಿಲ್ಲ.

“ಶುಕ್ರವಾರ ನಾನು ಅಂಗಡಿಯಿಂದ ಬಂದು ಹೇಳ್ದೆ. ಇಪ್ಪತ್ತಾರು ವರ್ಷ ಬಾಳ್ವೆ ಮಾಡಿದೀನಿ, ತೌನೊ ಟೈರಿನ ವಿಷ್ಯದಲ್ಲಿ ಸುಳ್ಳಾಡೋ ಜಾತಿಯಲ್ಲ, ಅವನು ನೆಟ್ಟಗಿನ ಮನುಷ್ಯ ಅಂತ. ಇದೇ ಮಾತು. ಇಲ್ಪೊ ಊಟ ಬಿಟ್ಟು ಎದ್ದ. ‘ಅಷ್ಟು ನೆಟ್ಟಗಿದ್ರೆ ಯಾಕೆ ಬಿಟ್ ಬಂದೆ’ ಅಂದ. ಗ್ಯಾರೇಜಿಗೆ ಹೋಗಿ ಟೈರು ಬದಲಾಯಿಸ್ದ.”

ತೌನೊ ಚಳಿಗಾಲವಿಡೀ ಕಾದಿದ್ದ ಮಾತು ಎಂದೋ ಆಡಿಯಾಗಿತ್ತು, ಬೇರೆಯವರ ಊಟದ ಮೇಜಿನ ಮೇಲೆ. ಅದರ ಬೆಲೆಯನ್ನು ಇಲ್ಪೊನ ಕಾಲು ಕೊಟ್ಟಿತ್ತು.

“ನೀನು ಸುಳ್ಳುಗಾರ ಅಂತ ನಾನಂದಿದ್ರೆ ಅವನ ಬೆರಳು ಉಳೀತಿತ್ತು,” ಎಂದಳು ಹಿಲ್ಕ. “ಒಂದು ಕೇಳ್ತೀನಿ. ಜನ್ಮದಲ್ಲಿ ನೀನು ಯಾರಿಗಾದ್ರೂ ನಾಲ್ಕು ಜನರೆದುರು ಟೈರು ಹೇಳಿದೀಯಾ? ಬಾಗಿಲ ಹತ್ರ ಕಿವೀಲಿ ಹೇಳೋನು ನೀನು. ಇವನಿಗೆ ಮಾತ್ರ ಯಾಕೆ ಎಲ್ಲರ ಮುಂದೆ?”

“ಎಲ್ರಿಗೂ ಗೊತ್ತಾಗ್ಲಿ ಅಂತ.”

“ಏನು ಗೊತ್ತಾಗ್ಲಿ ಅಂತ? ನೀರಿದೆ ಅಂತಾನಾ, ನೀನು ಒಳ್ಳೆಯವನು ಅಂತಾನಾ?”

ತೌನೊಗೆ ಕಂಡದ್ದು ಕ್ಲಬ್ಬಿನ ಬಾಗಿಲಲ್ಲಿ ಟೋಪಿ ಹಾಕಿಕೊಂಡು ನಿಂತ ತಾನೇ. ಆ ಮನುಷ್ಯನ ಎದೆಯೊಳಗೆ ಆಗ ಏನಿತ್ತು ಎಂದು ಎಷ್ಟು ಬಗ್ಗಿ ನೋಡಿದರೂ ಮೇಲೆ ಬಿಳಿ, ಒಳಗೆ ತಿಳಿಯದು. ಹಿಲ್ಕ ಕಾರಿನೊಳಗೆ ಕೂತು ಎಂಜಿನ್ ಹಾಕಿದಳು. ಆಸ್ಪತ್ರೆಯಲ್ಲಿ ನೋಡಲು ಬಿಡುವ ಹೊತ್ತು ಮುಗಿಯುತ್ತದೆ ಎಂದಳು.

ಅವನು ಕಿಟಕಿಯ ಬಳಿ ಬಗ್ಗಿದ. ನಾಚಿಕೆ ಬಿಟ್ಟು ಕೇಳಿಯೇಬಿಟ್ಟ:

“ನೆಟ್ಟಗಿನ ಮನುಷ್ಯ ಅಂದ್ಯಲ್ಲ. ಅದನ್ನ ನಂಬ್ಕೊಂಡೇ ಅಂದ್ಯಾ?”

ಹಿಲ್ಕ ಗೇರು ಹಾಕಿದಳು.

“ಆವಾಗ ನಂಬಿದ್ದೆ,” ಎಂದಳು.